ನಾಯಿಗೆ ನಾವು ‘ಆಲ್ಫಾ’ ಆಗ್ಲೇಬೇಕಾ? ಟ್ರೇನರ್ ಮಗುಚಿ ಹಾಕಿ ಒತ್ತಿ ಹಿಡೀರಿ ಅಂತಿದಾರೆ

ಸಿಂಬನಪ್ಪ (ಬೆಂಗಳೂರು)
ಎಲ್ರಿಗೂ ನಮಸ್ಕಾರ. ನಮ್ಮನೇಲಿ ಲ್ಯಾಬ್ರಡಾರ್ ಇದೆ, ಹೆಸರು ಸಿಂಬ, ಗಂಡು, ವರ್ಷ ದಾಟಿದೆ. ಬೇರೆಲ್ಲದ್ರಲ್ಲೂ ಪಾಪದ್ದು, ಆದ್ರೆ ಇತ್ತೀಚೆಗೆ ಊಟದ ಬೌಲ್ ಹತ್ರ ಯಾರಾದ್ರೂ ಹೋದ್ರೆ ಮೈ ಬಿಗಿ ಮಾಡ್ಕೊಂಡು ಗುರ್ ಅಂತಾನೆ. ಚಿಕ್ಕ ಮಗು ಇರೋ ಮನೆ, ಭಯ ಆಗಿ ಟ್ರೇನರ್ ಕರೆಸಿದ್ವಿ. ಅವ್ರು ಹೇಳೋದು, ಇವ್ನು ಮನೆಗೆ ತಾನೇ ಯಜಮಾನ ಅನ್ಕೊಂಡಿದಾನೆ, ನೀವು ಆಲ್ಫಾ, ಅಂದ್ರೆ ಹಿಂಡಿನ ಯಜಮಾನ ಆಗ್ಬೇಕು, ಮೊದ್ಲು ಅವನೆದುರಿಗೆ ನೀವು ಊಟ ಮಾಡಿ ಆಮೇಲೆ ಅವನಿಗೆ ಹಾಕಿ, ಬಾಗಿಲಲ್ಲಿ ನೀವೇ ಮುಂದೆ ಹೋಗಿ, ಸೋಫಾ ಹತ್ತಿಸ್ಬೇಡಿ, ಗುರ್ ಅಂದ್ರೆ ಕುತ್ತಿಗೆ ಹಿಡ್ದು ಮಗುಚಿ ಹಾಕಿ ಸುಮ್ಮನಾಗೋವರೆಗೂ ಒತ್ತಿ ಹಿಡೀರಿ. ತೋಳಗಳಲ್ಲಿ ಹಾಗೇ ಅಂತೆ. ನನ್ ಹೆಂಡ್ತಿ ಇದಕ್ಕೆ ಸುತಾರಾಂ ಒಪ್ತಿಲ್ಲ. ತಿಳಿದೋರು ಹೇಳಿ, ಇದ್ರಲ್ಲಿ ಎಷ್ಟು ನಿಜ?

ತೋಟದಮನೆ (ಸಕಲೇಶಪುರ)
ಟ್ರೇನರ್ ಹೇಳಿದ್ರಲ್ಲಿ ತಪ್ಪೇನಿಲ್ಲ ಕಣ್ರೀ. ನಮ್ ತೋಟದಲ್ಲಿ ತಾತನ ಕಾಲದಿಂದ ನಾಯಿ ಸಾಕ್ತಿದೀವಿ, ನಾಯಿಗೆ ಯಜಮಾನ ಯಾರು ಅಂತ ಗೊತ್ತಿರ್ಬೇಕು ಅಷ್ಟೇ. ಮರಿ ಇದ್ದಾಗ ಎರಡು ಬಿಟ್ರೆ ಆಮೇಲೆ ಜೀವಮಾನ ಪೂರ್ತಿ ತಂಟೆ ಇಲ್ಲ. ಈಗಿನೋರು ನಾಯಿನ ಮಗು ಅಂತ ಮುದ್ದು ಮಾಡಿ ತಲೆ ಮೇಲೆ ಕೂರಿಸ್ಕೊಂಡು ಆಮೇಲೆ ಕಚ್ತು ಅಂತ ಅಳ್ತಾರೆ.

ಕಿವಿನೆಟ್ಟಗೆ (ಮೈಸೂರು)
ಸಿಂಬನಪ್ಪ ಅವ್ರೇ, ನಿಮ್ಮ ಮನೆಯವ್ರು ಹೇಳ್ತಿರೋದೇ ಸರಿ, ದಯವಿಟ್ಟು ಮಗುಚಿ ಹಾಕೋಕೆ ಹೋಗ್ಬೇಡಿ. ಅದೂ ಮುಖ ಅವನ ಬಾಯಿ ಹತ್ರ ಇಟ್ಕೊಂಡು.

ತೋಳಗಳಲ್ಲಿ ಹಾಗೇ ಅಂತೆ ಅನ್ನೋ ಮಾತು ಎಲ್ಲಿಂದ ಬಂತು ಅಂತ ನೋಡಿದ್ರೆ ಅರ್ಧ ವಾದ ಅಲ್ಲೇ ಬಿದ್ದೋಗತ್ತೆ. ರುಡಾಲ್ಫ್ ಶೆಂಕೆಲ್ ಅಂತ ಒಬ್ಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನ ನೋಡ್ಕೊಂಡು 1947ರಲ್ಲಿ ಒಂದು ಪ್ರಬಂಧ ಬರೆದ್ರು. ಅಲ್ಲಿ 10 ಮೀಟರ್ ಅಗಲ 20 ಮೀಟರ್ ಉದ್ದದ ಜಾಗದಲ್ಲಿ ಹತ್ತರವರೆಗೂ ತೋಳ ಇಟ್ಟಿದ್ರು, ಅಂದ್ರೆ ನಮ್ಮ ಲೆಕ್ಕದಲ್ಲಿ ಎರಡು ತರ್ಟಿ ಫಾರ್ಟಿ ಸೈಟಿಗಿಂತ ಕಮ್ಮಿ. ಬಿಟ್ಟು ಹೋಗೋಕೆ ದಾರಿ ಇಲ್ಲ, ಊಟ ಮನುಷ್ಯರು ಹಾಕ್ಬೇಕು, ಹೀಗಿದ್ದಾಗ ಜಗಳ ಆಗ್ದೆ ಇನ್ನೇನಾಗತ್ತೆ? ಆ ಜಗಳದಲ್ಲಿ ಮೇಲುಗೈ ಆದ ಗಂಡು ಹೆಣ್ಣಿಗೆ ಆಲ್ಫಾ ಅನ್ನೋ ಹೆಸರು ಬಂತು. ಅಮೆರಿಕದ ಡೇವಿಡ್ ಮೀಚ್ 1970ರಲ್ಲಿ ತೋಳಗಳ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಇದನ್ನೇ ಹೇಳಿದ್ರಿಂದ ಅದು ಎಲ್ಲಾ ಕಡೆ ಹರಡ್ತು.

ಆಮೇಲಿನ ಕಥೆ ಟ್ರೇನರ್‌ಗಳು ಹೇಳಲ್ಲ. ಇದೇ ಮೀಚ್ 1986ರಿಂದ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪಕ್ಕೆ ಬೇಸಿಗೆ ಬೇಸಿಗೆ ಹೋಗಿ ಕಾಡು ತೋಳಗಳ ಜೊತೆನೇ ಇದ್ದು ನೋಡಿದ್ರು. ಅಲ್ಲಿ ಹಿಂಡು ಅಂದ್ರೆ ಅಪ್ಪ, ಅಮ್ಮ, ಹಿಂದಿನ ಒಂದೆರಡು ವರ್ಷದ ಮಕ್ಕಳು, ಈ ವರ್ಷದ ಮರಿಗಳು. ಪಟ್ಟಕ್ಕೆ ಜಗಳ ಇಲ್ಲ. ಮಕ್ಕಳು ದೊಡ್ಡವಾದ್ಮೇಲೆ ಜೋಡಿ ಹುಡುಕ್ಕೊಂಡು ಬೇರೆ ಹೋಗ್ತವೆ. 1999ರಲ್ಲಿ ಅವ್ರೇ ಪ್ರಬಂಧ ಬರೆದು, ಇಂಥ ಕುಟುಂಬದ ಹಿಂಡಿನಲ್ಲಿ ಆಲ್ಫಾ ಅನ್ನೋದಕ್ಕೆ ಅರ್ಥ ಇಲ್ಲ, ಮರಿ ಹಾಕೋ ಜೋಡಿ ಅಂದ್ರೆ ಸಾಕು ಅಂದ್ರು. ತನ್ನ ಹಳೇ ಪುಸ್ತಕ ಅಚ್ಚು ಹಾಕೋದು ನಿಲ್ಲಿಸಿ ಅಂತ ಪ್ರಕಾಶಕರಿಗೆ ವರ್ಷಗಟ್ಟಲೆ ಗೋಗರೆದು, ಅದು ನಿಂತಿದ್ದು 2022ರಲ್ಲಿ. ಬರೆದೋರೇ ವಾಪಸ್ ತಗೊಂಡಿದ್ದನ್ನ ನಮ್ಮ ಲೇಔಟಿನ ಟ್ರೇನರ್ ಇನ್ನೂ ತಿಂಗಳ ಫೀಸ್ ತಗೊಂಡು ಹೇಳ್ಕೊಡ್ತಿದಾರೆ.

ಮಂಡ್ಯಹೈದ
ಎರಡು ಸೈಟಲ್ಲಿ ಹತ್ತು ತೋಳನಾ! ನಮ್ ಪಿಜಿಲಿ ಒಂದು ಬಾತ್‌ರೂಮಿಗೆ ಆರು ಜನ, ಬೆಳಗ್ಗೆ ಏಳು ಗಂಟೆಗೆ ಬಂದು ನೋಡಿ ಯಾರಾದ್ರೂ ಕನ್ನಡಿಗರ ಸಮಾಜದ ಬಗ್ಗೆ ಪ್ರಬಂಧ ಬರೆದ್ರೆ ಹಿಂಗೇ ಇರತ್ತೆ 😂

ತೋಟದಮನೆ (ಸಕಲೇಶಪುರ)
ಮೇಡಂ, ತೋಳದ ಕಥೆ ಒಪ್ಪೋಣ, ಆದ್ರೆ ನಾಯಿ ನಾಯಿಗಳಲ್ಲಿ ಒಬ್ಬ ಬಾಸ್ ಇರಲ್ವಾ? ನಮ್ ಲೈನ್ ಮನೆ ಹತ್ರ ಐದಾರು ನಾಯಿ ಇವೆ, ಒಂದು ಬಂದ್ರೆ ಮಿಕ್ಕಿದ್ದು ಬಾಲ ಮುದುರ್ಕೊಂಡು ಜಾಗ ಬಿಡ್ತವೆ. ಕಣ್ಣಾರೆ ನೋಡಿರೋದು ಸುಳ್ಳಾ? ಮತ್ತೆ ಆ ಟೀವಿಲಿ ಬರೋ ಮನುಷ್ಯ ಎಂಥೆಂಥಾ ನಾಯಿನ ಐದು ನಿಮಿಷದಲ್ಲಿ ಸರಿ ಮಾಡ್ತಾನೆ.

ಕಿವಿನೆಟ್ಟಗೆ (ಮೈಸೂರು)
ಸರ್ ನೀವು ನೋಡಿರೋದು ಸುಳ್ಳಲ್ಲ. ನಾಯಿಗಳ ಮಧ್ಯೆ ಮೇಲು ಕೀಳು ಇರೋದೇ ಇಲ್ಲ ಅಂತ ಈಚೆಗೆ ಕೆಲವರು ಹೇಳ್ತಾರೆ, ಅದು ಇನ್ನೊಂದು ತುದಿ, ಅದನ್ನೂ ನಾನು ಒಪ್ಪಲ್ಲ. ರೋಮ್ ಊರಿನ ಬೀದಿ ನಾಯಿಗಳ ಗುಂಪನ್ನ ಇಟಲಿಯ ಸಂಶೋಧಕರು ನೋಡಿ 2010ರಲ್ಲಿ ಬರೆದಿದಾರೆ, ಅಲ್ಲಿ ಸಾಲಾಗಿ ಮೇಲಿಂದ ಕೆಳಗೆ ಶ್ರೇಣಿ ಇತ್ತು, ವಯಸ್ಸಾದ ನಾಯಿಗಳು ಮೇಲಿದ್ವು. ಆದ್ರೆ ಗುಂಪು ಎದ್ದು ಹೊರಟಾಗ ಹೆಚ್ಚಾಗಿ ಯಾರ ಹಿಂದೆ ಹೋಗ್ತಿದ್ವು ಅಂದ್ರೆ, ಜಗಳದಲ್ಲಿ ಗೆಲ್ಲೋ ನಾಯಿ ಹಿಂದೆ ಅಲ್ಲ, ಯಾವುದನ್ನ ಕಂಡ್ರೆ ಮಿಕ್ಕವು ತಾವಾಗೇ ಹೋಗಿ ಬಾಲ ಆಡಿಸಿ ಮೂತಿ ನೆಕ್ತಿದ್ವೋ ಅದರ ಹಿಂದೆ.

ಇಲ್ಲಿ ಎರಡು ವಿಷ್ಯ. ಒಂದು, ಮೇಲುಗೈ (ಡಾಮಿನೆನ್ಸ್) ಅನ್ನೋದು ಎರಡು ಪ್ರಾಣಿ ಮಧ್ಯದ ಸಂಬಂಧ, ಒಂದು ನಾಯಿಯ ಗುಣ ಅಲ್ಲ. ನಿಮ್ಮ ಲೈನ್ ಮನೆ ಬಾಸ್‌ನ ಪಕ್ಕದ ತೋಟಕ್ಕೆ ಬಿಟ್ರೆ ಅದೇ ಬಾಲ ಮುದುರ್ಕೊಳ್ಳಬಹುದು. ಅದಕ್ಕೇ ಈ ನಾಯಿ ಡಾಮಿನೆಂಟು ಅಂತ ಹಣೆಗೆ ಚೀಟಿ ಅಂಟಿಸೋದು ತಪ್ಪು ಅಂತ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಜಾನ್ ಬ್ರಾಡ್‌ಷಾ ಮತ್ತೆ ಅವರ ಜೊತೆಯೋರು 2009ರಲ್ಲೇ ಬರೆದ್ರು. ಎರಡು, ನಾಯಿ ನಾಯಿ ಮಧ್ಯೆ ಏನೋ ಇದೆ ಅಂದ ಮಾತ್ರಕ್ಕೆ ಕೂತ್ಕೋ ಬಾ ಅಂತ ಕಲಿಸೋಕೆ ನಾವೂ ಅದನ್ನೇ ಮಾಡ್ಬೇಕು ಅಂತ ಹೇಗಾಗತ್ತೆ? ನಮ್ಮನ್ನ ನಾಯಿ ಅಂತ ಯಾವ ನಾಯಿಯೂ ಅನ್ಕೊಂಡಿಲ್ಲ.

ಮಗುಚಿ ಹಾಕೋದಂತೂ ತೋಳಗಳೂ ಮಾಡಲ್ಲ. ಕೆಳಗಿರೋ ತೋಳ ತಾನಾಗೇ ಅಂಗಾತ ಮಲಗಿ ಹೊಟ್ಟೆ ತೋರಿಸತ್ತೆ, ಮೇಲಿನದ್ದು ಕೆಡವಿ ಅದುಮಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ನ್ಯೂ ಸ್ಕೀಟ್ ಅಂತ ಒಂದು ಕ್ರೈಸ್ತ ಮಠ, ಅಲ್ಲಿನ ಸಂನ್ಯಾಸಿಗಳು ಜರ್ಮನ್ ಶೆಫರ್ಡ್ ಸಾಕೋದಕ್ಕೆ ಹೆಸರುವಾಸಿ, ಅವ್ರು 1978ರ ಪುಸ್ತಕದಲ್ಲಿ ಈ ಮಗುಚೋ ವಿದ್ಯೆನ ಬರೆದು ಜನಪ್ರಿಯ ಮಾಡಿದ್ರು. 2002ರಲ್ಲಿ ಹೊಸ ಆವೃತ್ತಿ ತಂದಾಗ ಅವ್ರೇ ಅದನ್ನ ತೆಗೆದು ಹಾಕಿದ್ರು. ಆದ್ರೆ 2004ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ನಾಯಿ ಟ್ರೇನರ್ ಸೀಸರ್ ಮಿಲಾನ್ ಶೋ ಬಂತು ನೋಡಿ, ಹಿಂಡಿನ ನಾಯಕ ಆಗಿ ಅನ್ನೋದು ಮತ್ತೆ ಮನೆಮನೆಗೆ ತಲುಪ್ತು. ಐದು ನಿಮಿಷದಲ್ಲಿ ಸರಿ ಆಗೋದು ಎಡಿಟಿಂಗ್ ಸರ್. ಇದನ್ನ ತಜ್ಞರನ್ನ ಕೇಳದೆ ಮನೇಲಿ ಮಾಡ್ಬೇಡಿ ಅಂತ ಆ ಶೋನಲ್ಲೇ ಎಚ್ಚರಿಕೆ ಹಾಕ್ತಿದ್ರು, ಅದನ್ನ ಯಾರೂ ಓದಲ್ಲ.

ದನದಡಾಕ್ಟ್ರು (ಹಾವೇರಿ)
ಪಶುವೈದ್ಯನಾಗಿ ಒಂದು ಮಾತು. ಗುರ್ ಅಂದದ್ದಕ್ಕೆ ಹೊಡೆಯೋದು ಬಹಳ ಅಪಾಯ. ನಾಯಿ ಕಚ್ಚೋಕೆ ಮುಂಚೆ ಒಂದೊಂದಾಗಿ ಹೇಳ್ತಾ ಬರುತ್ತೆ: ಊಟ ನಿಲ್ಲಿಸಿ ಮೈ ಸೆಟೆಸೋದು, ಕಣ್ಣಿನ ಬಿಳಿ ಕಾಣೋ ಹಾಗೆ ಓರೆ ನೋಡೋದು, ತುಟಿ ನೆಕ್ಕೋದು, ತುಟಿ ಎತ್ತೋದು, ಆಮೇಲೆ ಗುರ್. ಗುರ್ ಅಂದಾಗೆಲ್ಲ ಏಟು ಬಿದ್ರೆ ಅದು ಗುರ್ ಅನ್ನೋದನ್ನ ಬಿಡುತ್ತೆ, ಒಳಗಿನ ಭಯ ಹಾಗೇ ಇರುತ್ತೆ. ಆಮೇಲೆ ನನ್ನ ಹತ್ರ ಬಂದು ‘ಡಾಕ್ಟ್ರೇ ಸುಮ್ನೆ ಇದ್ದಿದ್ದು ಏಕ್‌ದಮ್ ಕಚ್ಚಿಬಿಡ್ತು’ ಅಂತಾರೆ. ಏಕ್‌ದಮ್ ಅಲ್ಲ, ಹೇಳಬೇಡ ಅಂತ ನೀವೇ ಕಲಿಸಿದ್ದು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ವರ್ತನೆ ಸಮಸ್ಯೆಗೆ ಬಂದ ನಾಯಿಗಳ ಮಾಲೀಕರಿಂದ 140 ಫಾರಂ ತುಂಬಿಸಿ 2009ರಲ್ಲಿ ಪ್ರಕಟಿಸಿದ್ರು. ಹೊಡೆದು ಒದ್ದು ನೋಡಿದವರಲ್ಲಿ 43 ಪರ್ಸೆಂಟ್ ಜನಕ್ಕೆ ನಾಯಿ ತಿರುಗಿ ಬಿದ್ದಿತ್ತು. ಮಗುಚಿ ಹಾಕಿದವರಲ್ಲಿ 31, ದಿಟ್ಟಿಸಿ ನೋಡಿ ಹೆದರಿಸಿದವರಲ್ಲಿ 30. ಇವು ಮೊದಲೇ ಸಮಸ್ಯೆ ಇದ್ದ ನಾಯಿಗಳು, ಎಲ್ಲಾ ನಾಯಿಗೂ ಇದೇ ಲೆಕ್ಕ ಅಲ್ಲ. ಆದ್ರೆ ಮಗುಚಿ ಹಾಕಿ ಅಂತ ಹೇಳೋದೂ ಅಂಥ ನಾಯಿಗೇ ತಾನೆ? ಅಮೆರಿಕದ ಪಶುವೈದ್ಯ ವರ್ತನಾ ಸಂಘ 2008ರಲ್ಲೇ ಈ ಡಾಮಿನೆನ್ಸ್ ಲೆಕ್ಕಾಚಾರದ ವಿರುದ್ಧ ಹೇಳಿಕೆ ಕೊಟ್ಟಿದೆ.

ಇನ್ನೊಂದು, ನಿನ್ನೆವರೆಗೂ ಸರಿ ಇದ್ದ ನಾಯಿ ಇವತ್ತು ಗುರ್ ಅಂದ್ರೆ ಮೊದ್ಲು ಮೈ ನೋಡಿಸಿ. ಕಿವಿ ಸೋಂಕು, ಹಲ್ಲು ನೋವು, ಲ್ಯಾಬ್ ಮತ್ತೆ ಶೆಫರ್ಡಲ್ಲಿ ಸೊಂಟದ ಕೀಲಿನ ತೊಂದ್ರೆ. ಉಣ್ಣೆ ಕಚ್ಚಿ ಬರೋ ಟಿಕ್ ಫೀವರ್ ನಮ್ಮಲ್ಲಿ ಬೇಕಾದಷ್ಟಿದೆ, ಅದ್ರಲ್ಲೂ ಮೈಕೈ ನೋವು ಇರುತ್ತೆ, ರಕ್ತ ಪರೀಕ್ಷೆ ಮಾಡ್ಸಿದ್ರೆ ಗೊತ್ತಾಗುತ್ತೆ. ನೋವಲ್ಲಿರೋ ನಾಯಿನ ಯಜಮಾನಿಕೆ ಮಾಡ್ತಿದೆ ಅಂತ ಅದುಮಿ ಹಿಡಿಯೋದು ಎಂಥ ನ್ಯಾಯ?

ಸಂಬಂಧ ಇಲ್ಲದಿದ್ರೂ ಹೇಳಿಬಿಡ್ತೀನಿ, ಸ್ವಂತ ನಾಯಿ ಕಚ್ಚಿದ್ರೂ ಗಾಯನ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೀರಿ, ಅರಿಶಿನ ಸುಣ್ಣ ಹಚ್ಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ನಾಯಿಗೆ ರೇಬೀಸ್ ಇಂಜೆಕ್ಷನ್ ಆಗಿದೆ ಅಂತ ಸುಮ್ನೆ ಕೂರ್ಬೇಡಿ.

ಬೇಟೆಗಾರ (ಮುಧೋಳ)
ಡಾಕ್ಟರ್ ಸಾಹೇಬ್ರ ಖರೇ ಹೇಳ್ಯಾರ. ನಮ್ ಕಡೆ ಮುಧೋಳ ನಾಯಿ ಸಾಕವ್ರು ಬಾಳ ಮಂದಿ ಅದಾರ್ರಿ. ಈಗ ಅಂಚೆಚೀಟಿ ಮ್ಯಾಲೆ ಬಂದ್ಮ್ಯಾಲೆ, ಮಿಲಿಟ್ರಿಯವ್ರು ಒಯ್ದ್ಮ್ಯಾಲೆ ಬೆಂಗಳೂರಿನ ಮಂದಿ ಮರಿ ತಗೊಂಡ್ ಹೊಕ್ಕಾರ, ಫ್ಲಾಟ್‌ನ್ಯಾಗ ಇಡ್ತಾರ, ಆಮ್ಯಾಲೆ ಫೋನ್ ಹಚ್ಚಿ ಇದು ಮಾತ ಕೇಳಂಗಿಲ್ಲ, ಬೆಕ್ಕು ಕಂಡ್ರ ಜಗ್ಗಿಕೊಂಡ ಓಡ್ತೈತಿ, ಬಾಳ ಡಾಮಿನಂಟ ಐತಿ ಅಂತಾರ. ಅದು ಕಣ್ಣಿಲೆ ನೋಡಿ ಬೆನ್ನ ಹತ್ತು ನಾಯಿರಿ, ಮೊಲ ಓಡಿದ್ರ ಓಡೂದ ಅದರ ಹುಟ್ಟುಗುಣ, ನಿಮ್ಮ ಮ್ಯಾಲೆ ರಾಜ್ಯಭಾರ ಮಾಡಾಕ ಅಲ್ಲ. ಇದಕ್ಕ ಹೊಡದ್ರ ಇನ್ನೂ ಕೆಟ್ಟ. ಒಂದ್ ಸಲ ಜೋರ ಒದರಿದ್ರ ಮೂಲಿ ಹಿಡಿದ ಕುಂದರ್ತೈತಿ, ಮತ್ತ ಹತ್ರ ಬರಾಕ ವಾರ ಬೇಕು. ಅದನ್ನ ನೋಡಿ ಮಂದಿ ಈಗ ಶಾಣ್ಯಾ ಆತು ಅಂತಾರ. ಶಾಣ್ಯಾ ಆಗಿಲ್ರಿ, ಅಂಜೇತಿ. ದಿನಾ ಬಯಲಾಗ ಓಡಸ್ರಿ, ಊರಾಗ ಉದ್ದ ಹಗ್ಗ ಹಾಕ್ರಿ, ಸಣ್ಣ ಮರಿ ಇದ್ದಾಗಿಂದ ಕರೆದ ಕೂಡ್ಲೇ ಬಂದ್ರ ಏನರ ತಿನ್ನಾಕ ಕೊಡ್ರಿ.

ಸಿಂಬನಪ್ಪ (ಬೆಂಗಳೂರು)
ಎಲ್ರಿಗೂ ಥ್ಯಾಂಕ್ಸ್. ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ. ಆದ್ರೆ ಬೌಲ್ ವಿಷ್ಯಕ್ಕೆ ಏನ್ ಮಾಡ್ಲಿ? ಮರಿ ಇದ್ದಾಗಿಂದ ತಿಂತಿರೋವಾಗ ಕೈ ಹಾಕಿ ಬೌಲ್ ಎತ್ತಿ ಅಭ್ಯಾಸ ಮಾಡ್ಸಿ ಅಂತ ಯಾರೋ ಹೇಳಿದ್ರು, ಮನೇಲಿ ಹಾಗೇ ಮಾಡ್ತಿದ್ವಿ.

ಕಿವಿನೆಟ್ಟಗೆ (ಮೈಸೂರು)
ಅದೇ ಕಾರಣ ಇರ್ಬಹುದು. ತಿನ್ನೋವಾಗ ಕೈ ಬಂದ್ರೆ ಊಟ ಹೋಗತ್ತೆ ಅಂತ ಅವ್ನು ಕಲ್ತಿದಾನೆ, ಸರಿಯಾಗೇ ಕಲ್ತಿದಾನೆ. ಈಗ ಕೈ ಬಂದ್ರೆ ಊಟ ಹೆಚ್ಚಾಗತ್ತೆ ಅಂತ ಮತ್ತೆ ಕಲಿಸ್ಬೇಕು.

ಮೊದ್ಲು ಮಗು ವಿಷ್ಯ: ಸಿಂಬ ತಿನ್ನೋದು ಬೇರೆ ರೂಮಲ್ಲಿ, ಇಲ್ಲಾ ಬೇಬಿ ಗೇಟ್ ಆಚೆ, ತಿಂದು ಮುಗಿಸಿ ಹೊರಗೆ ಬಂದ್ಮೇಲೆ ಬೌಲ್ ಎತ್ತಿಡಿ. ಇದ್ರಲ್ಲಿ ರಾಜಿ ಇಲ್ಲ, ಮುಂದಿನದ್ದೆಲ್ಲ ದೊಡ್ಡವರು ಮಾತ್ರ ಮಾಡೋದು. ಆಮೇಲೆ, ಅವ್ನು ತಿಂತಿರುವಾಗ ಯಾವ ದೂರದಲ್ಲಿ ನೀವಿದ್ರೆ ಅವ್ನು ತಲೆ ಕೆಡಿಸ್ಕೊಳ್ಳಲ್ವೋ ಆ ದೂರದಿಂದ ಬೇಯಿಸಿದ ಚಿಕನ್ ಚೂರು, ಮೂಳೆ ಇಲ್ದೇ ಇರೋದು, ಉಪ್ಪು ಮಸಾಲೆ ಈರುಳ್ಳಿ ಏನೂ ಬೇಡ, ಬೌಲ್ ಕಡೆ ಎಸೆದು ಹಾಗೇ ಮುಂದೆ ಹೋಗಿಬಿಡಿ. ನಿಂತು ನೋಡ್ಬೇಡಿ, ಮಾತಾಡಿಸ್ಬೇಡಿ. ದಿನಾ ಮಾಡಿ. ನೀವು ಬರೋದು ಕಂಡ್ರೆ ತಲೆ ಎತ್ತಿ ಬಾಲ ಅಲ್ಲಾಡಿಸೋಕೆ ಶುರು ಮಾಡ್ದಾಗ ಒಂದು ಹೆಜ್ಜೆ ಹತ್ರ. ಮೈ ಬಿಗಿ ಆದ್ರೆ ನೀವು ಅವಸರ ಮಾಡಿದೀರ ಅಂತ, ಹಿಂದಕ್ಕೆ ಬನ್ನಿ. ಚಪ್ಪಲಿ ಕಾಲ್ಚೀಲ ಬಾಯಲ್ಲಿ ಇಟ್ಕೊಂಡ್ರೂ ಅಷ್ಟೇ, ಕಿತ್ಕೊಳ್ಳೋಕೆ ಹೋಗ್ದೆ ಅದಕ್ಕಿಂತ ಒಳ್ಳೇದು ಕೊಟ್ಟು ಬದಲಾಯಿಸ್ಕೊಳ್ಳಿ.

ನೀವು ಮೊದ್ಲು ಉಣ್ಣೋದು, ಬಾಗಿಲಲ್ಲಿ ಮುಂದೆ ಹೋಗೋದು, ಇವಕ್ಕೂ ಗುರ್ ಅನ್ನೋದಕ್ಕೂ ಸಂಬಂಧನೇ ಇಲ್ಲ. ಸೋಫಾ ಮೇಲೆ ಕೂದಲು ಬೇಡ ಅಂದ್ರೆ ಹತ್ತಿಸ್ಬೇಡಿ, ಅದು ಮನೆ ರೂಲ್ಸು ಅಷ್ಟೇ.

ಒಂದು ವೇಳೆ ಈಗಾಗ್ಲೇ ಬಾಯಿ ಹಾಕೋವರೆಗೂ ಹೋಗಿದ್ರೆ ಇದನ್ನ ಓದಿ ನೀವೇ ಮಾಡೋಕೆ ಹೋಗ್ಬೇಡಿ, ವರ್ತನೆ ಗೊತ್ತಿರೋ ಡಾಕ್ಟ್ರು ಮನೆಗೆ ಬಂದು ನೋಡ್ಲಿ.

ಕುಡ್ಲದ_ಕಾಳು (ಮಂಗಳೂರು)
ಒಂದು ಡೌಟು ಉಂಟು. ಗುರ್ ಅನ್ನುವ ನಾಯಿಗೆ ಚಿಕನ್ ಕೊಟ್ರೆ ಗುರ್ ಅಂದದ್ದಕ್ಕೆ ಬಹುಮಾನ ಕೊಟ್ಟ ಹಾಗೆ ಆಗುದಿಲ್ವಾ ಮಾರ್ರೆ? ನಾಳೆಯಿಂದ ಚಿಕನ್ ಬೇಕು ಅಂತ ಗುರ್ ಅಂದ್ರೆ ಎಂತ ಮಾಡುದು?

ದನದಡಾಕ್ಟ್ರು (ಹಾವೇರಿ)
ಒಳ್ಳೇ ಪ್ರಶ್ನೆ. ಕೂತ್ಕೋ ಅಂದಾಗ ಕೂತ್ರೆ ಬಿಸ್ಕತ್ತು ಕೊಡೋದು ಕೆಲಸ ಕಲಿಸೋದು. ಇಲ್ಲಿ ಬದಲಾಯಿಸ್ತಿರೋದು ಕೆಲಸ ಅಲ್ಲ, ಮನುಷ್ಯ ಹತ್ರ ಬಂದಾಗ ಅದಕ್ಕೆ ಆಗೋ ಆತಂಕ. ಗಂಟೆ ಸದ್ದಿಗೆ ನಾಯಿ ಬಾಯಲ್ಲಿ ನೀರು ಬರೋ ಪಾವ್ಲೋವ್ ಪ್ರಯೋಗ ಸ್ಕೂಲಲ್ಲಿ ಓದಿದೀವಲ್ಲ, ಅದೇ ದಾರಿ. ಆತಂಕ ಹೋದ್ರೆ ಗುರ್ ಅನ್ನೋಕೆ ಕಾರಣನೇ ಉಳಿಯಲ್ಲ. ಅದ್ರ ಜೊತೆಗೆ, ಮೇಡಂ ಹೇಳಿದ ಹಾಗೆ ಗುರ್ ಅನ್ನೋ ಹತ್ರಕ್ಕೆ ಹೋಗೋದೇ ಇಲ್ಲ, ಅದಕ್ಕೆ ಮುಂಚೆನೇ ಎಸೆದು ಹೋಗೋದು.

ತೋಟದಮನೆ (ಸಕಲೇಶಪುರ)
ಡಾಕ್ಟ್ರು ನೋವಿನ ವಿಷ್ಯ ಹೇಳಿದ್ದು ಸರಿ ಇದೆ, ಅದಕ್ಕೆ ನನ್ ತಕರಾರಿಲ್ಲ. ಆದ್ರೂ ಎಲ್ಲದಕ್ಕೂ ಚಿಕನ್ ಎಸೀತಾ ಕೂರೋಕೆ ತೋಟದಲ್ಲಿ ಯಾರಿಗೆ ಪುರುಸೊತ್ತಿದೆ? ಶಿಸ್ತು ಅಂತ ಒಂದು ಬೇಡ್ವಾ? ನಮ್ ನಾಯಿಗಳು ಒಂದು ದನ ಅಟ್ಟಿಸಿದ್ದಿಲ್ಲ, ಒಂದು ಕೋಳಿ ಹಿಡಿದಿದ್ದಿಲ್ಲ.

ಕಿವಿನೆಟ್ಟಗೆ (ಮೈಸೂರು)
ಶಿಸ್ತು ಬೇಡ ಅಂತ ಯಾರು ಹೇಳಿದ್ರು ಸರ್. ನಿಮ್ಮ ನಾಯಿಗಳು ಮರಿಯಿಂದ ದನ ಕೋಳಿ ಮಧ್ಯೆನೇ ಬೆಳೆದವು, ದಿನವಿಡೀ ಓಡಾಟ, ಮಾಡೋಕೆ ಕೆಲಸ, ಬೇಜಾರಾದ್ರೆ ಎದ್ದು ಹೋಗೋಕೆ ಜಾಗ. ಅವು ಚೆನ್ನಾಗಿರೋದು ಇದ್ರಿಂದ ಅಂತ ನನ್ ಲೆಕ್ಕ, ಆ ಎರಡು ಏಟಿನಿಂದ ಅಲ್ಲ. ಮೂರನೇ ಮಹಡಿ ಫ್ಲಾಟಲ್ಲಿ ದಿನಕ್ಕೆ ಎರಡು ಸಲ ಲಿಫ್ಟಲ್ಲಿ ಇಳಿಯೋ ನಾಯಿಗೆ ಅದೇ ಎರಡು ಏಟು ಬಿದ್ರೆ ಓಡೋಕೆ ಎಲ್ಲಿದೆ?

ನಾನು ಡಾಮಿನೆನ್ಸ್ ಮಾತಿಗೆ ಇಷ್ಟು ಉರಿದು ಬೀಳೋದಕ್ಕೆ ಕಾರಣ ಇದೇ, ಅದು ಎಲ್ಲಾ ಕಾಯಿಲೆಗೂ ಒಂದೇ ಹೆಸರು ಹೇಳತ್ತೆ. ಹೆದರಿ ಬೊಗಳಿದ್ರೂ ಆಲ್ಫಾ, ಬೆಲ್ಟ್ ಎಳೆದ್ರೂ ಆಲ್ಫಾ, ಮರಿ ಸೋಫಾ ಮೇಲೆ ಉಚ್ಚೆ ಹೊಯ್ದ್ರೂ ಆಲ್ಫಾ. ಹೆಸರು ಸಿಕ್ಕಿದ್ಮೇಲೆ ಯಾಕೆ ಅಂತ ಕೇಳೋ ಕೆಲಸನೇ ಮುಗೀತು. ಬೆಲ್ಟ್ ಎಳೆಯೋ ನಾಯಿ ನಿಮಗಿಂತ ಜೋರಾಗಿ ನಡೆಯತ್ತೆ ಅಷ್ಟೇ, ಪಕ್ಕದಲ್ಲಿ ನಡೆಯೋದು ಹೇಗೆ ಅಂತ ಅದಕ್ಕೆ ಯಾರೂ ಹೇಳ್ಕೊಟ್ಟಿಲ್ಲ.

ಹೈಡೆಲ್‌ಬರ್ಗ್_ಕನ್ನಡತಿ
ನಾನು ಜರ್ಮನಿಲಿ ಇರೋದು. ಇಲ್ಲಿ ಒಳಗಡೆ ಮೊನೆ ಇರೋ ಮುಳ್ಳಿನ ಕಾಲರ್ ಹಾಕಿ ಟ್ರೇನ್ ಮಾಡೋದನ್ನ 2022ರಿಂದ ಕಾನೂನಲ್ಲೇ ನಿಷೇಧ ಮಾಡಿದಾರೆ. ವೇಲ್ಸ್‌ನಲ್ಲಿ ಕರೆಂಟ್ ಕಾಲರ್ 2010ರಲ್ಲೇ ಬಂದ್. ತಮಾಷೆ ಅಂದ್ರೆ ಕುತ್ತಿಗೆ ಎಳೆದು ಪಳಗಿಸೋ ಪದ್ಧತಿಗೆ ಪುಸ್ತಕ ಬರೆದು ಹೆಸರು ಮಾಡಿದ್ದೂ ಜರ್ಮನಿಯವರೇ, ಕೊನ್ರಾಡ್ ಮೋಸ್ಟ್ ಅಂತ, 1910ರಲ್ಲಿ, ತೋಳದ ಪ್ರಬಂಧಕ್ಕಿಂತ ಎಷ್ಟೋ ಮೊದ್ಲು. ಹೊಡೆಯೋದು ಮೊದ್ಲೇ ಇತ್ತು, ತೋಳದ ನೆಪ ಆಮೇಲೆ ಸಿಕ್ತು ಅನ್ಸತ್ತೆ ನಂಗೆ. ಊರಿಗೆ ಬಂದಾಗ ನೋಡ್ತೀನಿ, ಪೆಟ್ ಶಾಪಲ್ಲಿ ಮುಳ್ಳಿನ ಕಾಲರ್ ಬಿಸ್ಕತ್ ಪಕ್ಕದಲ್ಲೇ ನೇತಾಡ್ತಿರತ್ತೆ.

ಕುಡ್ಲದ_ಕಾಳು (ಮಂಗಳೂರು)
ನಮ್ಮಲ್ಲಿ ಅದನ್ನು ಸ್ಟೈಲಿಗೆ ಹಾಕುವವರೂ ಇದ್ದಾರೆ, ರಾಟ್‌ವೈಲರ್ ಅಂದ್ರೆ ಮುಳ್ಳು ಬೇಕೇ ಬೇಕು. ಬೀದಿ ನಾಯಿಗೆ ಇದೆಲ್ಲ ಎಂತದೂ ಬೇಡ, ನಮ್ಮ ಓಣಿಯದ್ದು ಒಂದು ದಿನವೂ ಯಾರಿಗೂ ಆಲ್ಫಾ ಅಂತ ಹೇಳಿಸಿಕೊಳ್ಳದೆ ಎಲ್ಲರ ಮನೆ ಗೇಟಲ್ಲೂ ಸರಿಯಾಗಿ ಕೂತ್ಕೊಳ್ತದೆ.

ಕಿವಿನೆಟ್ಟಗೆ (ಮೈಸೂರು)
ಕಾಳು ಅವ್ರೇ, ಇದ್ರ ಬಗ್ಗೆ ನಮ್ಮ ದೇಶದಲ್ಲೇ ಒಳ್ಳೇ ಕೆಲಸ ಆಗಿದೆ. ಕೋಲ್ಕತಾದ ವಿಜ್ಞಾನ ಸಂಸ್ಥೆ ಐಸರ್‌ನಲ್ಲಿ ಅನಿಂದಿತಾ ಭದ್ರಾ ಅವರ ಗುಂಪು ವರ್ಷಗಳಿಂದ ಬೀದಿ ನಾಯಿಗಳನ್ನೇ ಅಧ್ಯಯನ ಮಾಡ್ತಿದೆ. 2017ರ ಒಂದು ಪ್ರಯೋಗದಲ್ಲಿ ಅಪರಿಚಿತರು ಬೀದಿ ನಾಯಿಗಳಿಗೆ ಕೆಲವಕ್ಕೆ ಊಟ ಕೊಟ್ರು, ಕೆಲವಕ್ಕೆ ತಲೆ ಸವರಿದ್ರು, ಮತ್ತೆ ಮತ್ತೆ ಹೀಗೆ ಮಾಡಿದ್ಮೇಲೆ ನಂಬಿಕೆ ಹೆಚ್ಚು ಬಂದಿದ್ದು ತಲೆ ಸವರಿದ ಕಡೆ. ಅಜ್ಜಿ ನಾಯಿ ಮಗಳ ಮರಿಗಳನ್ನ ನೋಡ್ಕೊಂಡ ಪ್ರಸಂಗನೂ ಅವ್ರು ದಾಖಲು ಮಾಡಿದಾರೆ. ನಾಯಿ ಬಗ್ಗೆ ತಿಳ್ಕೊಳ್ಳೋಕೆ ಸ್ವಿಟ್ಜರ್ಲೆಂಡಿನ ತೋಳಕ್ಕಿಂತ ನಮ್ಮ ಓಣಿ ನಾಯಿನೇ ಹತ್ರ ಅಲ್ವಾ. ಆದ್ರೆ ಎಲ್ಲಾ ಬೀದಿ ನಾಯಿ ತಲೆ ಸವರೋಕೆ ಹೋಗ್ಬೇಡಿ ಮತ್ತೆ, ಡಾಕ್ಟ್ರು ಬೈತಾರೆ.

ಮಂಡ್ಯಹೈದ
ಸರಿ ಗುರು, ಹಂಗಾದ್ರೆ ಒಳ್ಳೇ ಟ್ರೇನರ್ ಯಾರು ಅಂತ ಕಂಡುಹಿಡಿಯೋದು ಹೆಂಗೆ? ಎಲ್ರೂ ಬೋರ್ಡಲ್ಲಿ ಸೈಂಟಿಫಿಕ್ ಅಂತ್ಲೇ ಹಾಕಿರ್ತಾರೆ.

ದನದಡಾಕ್ಟ್ರು (ಹಾವೇರಿ)
ನಾಯಿ ಸರಿ ಮಾಡ್ದಾಗ ಏನು ಕೊಡ್ತೀರ, ತಪ್ಪು ಮಾಡ್ದಾಗ ಏನು ಮಾಡ್ತೀರ ಅಂತ ನೇರ ಕೇಳಿ. ಎರಡನೇ ಪ್ರಶ್ನೆಗೆ ಉತ್ತರ ಹಾರಿಸಿದ್ರೆ ಅಲ್ಲೇ ಗೊತ್ತಾಗುತ್ತೆ. ಕ್ಲಾಸ್ ನಡೆಯುವಾಗ ಪೂರ್ತಿ ನಿಮ್ಮ ಕಣ್ಣೆದುರಿಗೇ ಇರ್ಲಿ. ನಾಯಿನ ಒಂದು ತಿಂಗಳು ನಮ್ಮ ಹತ್ರ ಬಿಟ್ಟು ಹೋಗಿ ಅಂದ್ರೆ ಬೇಡ, ಅಲ್ಲಿ ಏನು ನಡೀತು ಅಂತ ನಾಯಿ ಬಂದು ಹೇಳಲ್ಲ. ಗ್ಯಾರಂಟಿ ಕೊಡೋರನ್ನಂತೂ ನಂಬಲೇಬೇಡಿ. ಟ್ರೇನರ್ ಗೇಟ್ ಒಳಗೆ ಬಂದಾಗ ನಾಯಿ ಅವರ ಕಡೆ ಓಡುತ್ತಾ, ನಿಮ್ಮ ಕಾಲ ಹಿಂದೆ ಬರುತ್ತಾ, ಎರಡು ಮೂರು ಕ್ಲಾಸ್ ಆದ್ಮೇಲೆ ಅದನ್ನೊಂದು ನೋಡಿ.